ಕೆಂಪು ಮೇಲೆ ಬಂದ ಭಾನುವಾರ

ಕಳೆದ ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ, ಕೈಯಲ್ಲಿ ರಂಗೋಲಿ ಡಬ್ಬಿ ಹಿಡಿದುಕೊಂಡು, ನಾನು ಒಂದು ದೇಶದ ಪರವಾಗಿ ಯುದ್ಧ ಸಾರಿಬಿಟ್ಟೆ.

ನಗಬೇಡಿ. ಐದು ದಿನವಾದರೂ ನನ್ನ ಎದೆ ತಹಬಂದಿಗೆ ಬಂದಿಲ್ಲ.

ಪೃಥ್ವಿ, ಮೇಘಾ, ಈ ಅಂಕಣವನ್ನು ಎಂದಿನಂತೆ ನಿಮಗೆ ಅಂತಲೇ ಬರೆಯುತ್ತಿದ್ದೇನೆ. (ನೀವು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ಅಮ್ಮ ಓದಿ ಹೇಳುತ್ತಾಳೆ.) ಉಳಿದ ಓದುಗರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಅಂದು ನೀವಿಬ್ಬರೂ ಅಲ್ಲೇ ಇದ್ದಿರಿ, ನಿಜ. ಆದರೆ ಪೃಥ್ವಿ ಅರ್ಧ ಹೊತ್ತು ನಿದ್ದೆಗಣ್ಣಿನಲ್ಲಿದ್ದ, ಮೇಘಾ ಅರ್ಧ ಹೊತ್ತು ಅಳುತ್ತಿದ್ದಳು. ನಡೆದದ್ದನ್ನು ನಡೆದ ಹಾಗೆ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ತಪ್ಪು ಮಾಡಿದವಳು ನಾನೇ ತಾನೆ?

ನೈರೋಬಿಯ ರಿವರ್‌ಸೈಡಿನಲ್ಲಿ ನಮ್ಮದು ಮೂರನೇ ಮಹಡಿ. ಎದುರು ಬಾಗಿಲು ಪೆರ್ಲಾಳದು. ಫಿಲಿಪ್ಪೀನ್ಸಿನ ಹೆಂಗಸು, ಅರವತ್ತು ದಾಟಿದವಳು. ಅವಳ ಮಗಳು ಜೋಯ್ ಇದೇ ರಸ್ತೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮಗಳ ಮಗುವನ್ನು ನೋಡಿಕೊಳ್ಳಲು ಪೆರ್ಲಾ ಬಂದಳು. ನನ್ನ ಮಗಳು ಸುಮಾಳ ಮಕ್ಕಳನ್ನು ನೋಡಿಕೊಳ್ಳಲು ನಾನು ಬಂದೆ. ದಿನಾ ಮಧ್ಯಾಹ್ನ ಇಬ್ಬರೂ ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂರುತ್ತೇವೆ. ಅವಳು ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಾಳೆ, ನಾನು ಬಟಾಣಿ ಬಿಡಿಸುತ್ತೇನೆ. ಮಾತು ಕಡಿಮೆ. ನೀವು ನನ್ನನ್ನು ಕರೆಯುವುದನ್ನು ಕೇಳಿ ‘ಅಜ್ಜಿ’ ಎನ್ನುವುದೇ ನನ್ನ ಹೆಸರು ಅಂದುಕೊಂಡಿದ್ದಾಳೆ. ನಾನು ತಿದ್ದಲಿಲ್ಲ. ತಿದ್ದಬೇಕಾದರೆ ಮಾತಾಡಬೇಕಲ್ಲ?

ಪೆರ್ಲಾಗೆ ಒಬ್ಬನೇ ಮಗ, ರಮಿಲ್. ಅಲ್ಲಿನ ಸೈನ್ಯದಲ್ಲಿ ಸಿಪಾಯಿ. ದಕ್ಷಿಣದ ಯಾವುದೋ ದ್ವೀಪದಲ್ಲಿ ಪೋಸ್ಟಿಂಗ್. ಶನಿವಾರ ಬಂತೆಂದರೆ ಜೋಯ್‌ಳ ಮೊಬೈಲಿಗೆ ಫೋನ್ ಮಾಡುತ್ತಿದ್ದ. ಹೋದ ವಾರದ ಬುಧವಾರ ಬೆಂಚಿನ ಮೇಲೆ ಪೆರ್ಲಾ ಎರಡು ಬೆರಳು ತೋರಿಸಿದಳು.

“ಎರಡು ಶನಿವಾರ, ಅಜ್ಜಿ. ನೋ ಕಾಲ್.”

ನಾನೇನು ಹೇಳಲಿ? ಸಮಾಧಾನ ಹೇಳುವಷ್ಟು ಇಂಗ್ಲಿಷ್ ನಮ್ಮೂರ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿಸುವುದಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ. ಅಷ್ಟೇ.

ಮರುದಿನ ಲಿಫ್ಟಿನಲ್ಲಿ ಸಿಕ್ಕ ಜೋಯ್, ಭಾನುವಾರ ತಮ್ಮ ದೇಶದ ಸ್ವಾತಂತ್ರ್ಯ ದಿನ, ನೈರೋಬಿಯಲ್ಲಿರುವ ಅವರ ಕಡೆಯ ಹತ್ತು ಹನ್ನೆರಡು ಮಂದಿ ಊಟಕ್ಕೆ ಬರುತ್ತಾರೆ ಎಂದಳು. “ಮಾಮಾ ಈಸ್ ನಾಟ್ ಹ್ಯಾಪಿ, ಆಂಟಿ. ಬಟ್ ಷಿ ವಿಲ್ ಕುಕ್,” ಎಂದಳು. (ಮಾಮಾ ಅಂದರೆ ಅಮ್ಮ.)

ಬಾಯಲ್ಲಿ ಬಾರದ್ದನ್ನು ಕೈಯಲ್ಲಿ ಮಾಡೋಣ ಎಂದು ಆಗಲೇ ನನಗೆ ಹೊಳೆದದ್ದು. ಅವಳ ಬಾಗಿಲ ಮುಂದೆ ಅವಳ ದೇಶದ ಬಾವುಟವನ್ನೇ ರಂಗೋಲಿ ಬಿಟ್ಟರೆ?

ಪೃಥ್ವಿಗೆ ಹೇಳಿದೆ. ಅವನು ಕಂಪ್ಯೂಟರಿನಲ್ಲಿ ಹುಡುಕಿ ಒಂದು ಹಾಳೆ ತಂದುಕೊಟ್ಟ. ಬರೀ ಕಪ್ಪು ಬಿಳುಪು.

“ಬಣ್ಣ ಎಲ್ಲಪ್ಪ?”

“ಕಲರ್ ಇಂಕ್ ಈಸ್ ಓವರ್, ಅಜ್ಜಿ. ವೈಟ್ ಟ್ರಯಾಂಗಲ್, ಯೆಲ್ಲೋ ಸನ್. ಒನ್ ಸ್ಟ್ರೈಪ್ ರೆಡ್, ಒನ್ ಸ್ಟ್ರೈಪ್ ಬ್ಲೂ.”

“ಯಾವ್ದು ಮೇಲೆ, ಯಾವ್ದು ಕೆಳಗೆ?”

“ಐ ಫರ್ಗಾಟ್. ಡಸ್ ಇಟ್ ಮ್ಯಾಟರ್?”

ಮ್ಯಾಟರ್ ಆಗುತ್ತದೆ ಅಂತ ನನಗೂ ಅನಿಸಲಿಲ್ಲ. ಯೋಚಿಸುವುದಕ್ಕೇನಿದೆ? ಕೆಂಪು ಶುಭ. ಕೆಂಪು ಕುಂಕುಮದ ಬಣ್ಣ. ಹಣೆಗೆ, ಹೊಸ್ತಿಲಿಗೆ, ಕಳಶಕ್ಕೆ ಮೊದಲು ಏರುವುದು ಅದೇ. ಮೇಲಿರಬೇಕಾದದ್ದು ಅದೇ. ಹೋಳಿಯಲ್ಲಿ ಉಳಿದ ನೀಲಿ ಪುಡಿ ಮನೆಯಲ್ಲಿತ್ತು. ಕೆಂಪಿಗೆ, ನ್ಗಾರಾದ ಅಂಗಡಿಯಿಂದ ದೇವರಿಗೆಂದು ತಂದಿದ್ದ ಕುಂಕುಮದ ಪೊಟ್ಟಣವನ್ನೇ ಒಡೆದೆ. (ಹನ್ನೊಂದು ವರ್ಷದಿಂದ ನನ್ನ ಹಣೆಗೆ ಬೇಡವಾದದ್ದು ಬೇರೆಯವರ ಬಾವುಟಕ್ಕಾದರೂ ಆಗಲಿ.)

ಜೂನ್ ತಿಂಗಳ ಚಳಿ. ಸ್ವೆಟರಿನ ತೋಳು ಮಡಿಸಿಕೊಂಡು, ಬಾಗಿಲು ತೆರೆದ ಕೂಡಲೇ ಪೆರ್ಲಾಗೆ ನೇರವಾಗಿ ಕಾಣಲಿ ಎಂದು ಅವಳ ಬಾಗಿಲಿಗೆ ಬೆನ್ನು ಹಾಕಿ ಕೂತು, ಗೋಡೆಯಿಂದ ಗೋಡೆಗೆ ತುಂಬುವ ಹಾಗೆ ಬಿಡಿಸಿದೆ. ಮೇಘಾ ಪಿಸುಮಾತಿನಲ್ಲಿ ಸೂರ್ಯನ ಕಿರಣ ಎಣಿಸಿದಳು. ಎಂಟು. ಬಿಡಿಸಿ ಮುಗಿಸಿ, ಕಾಲು ತಾಗದ ಹಾಗೆ ದಾಟಿ ಬಂದು, ನಮ್ಮ ಬಾಗಿಲ ಸಂದಿಯಲ್ಲಿ ಅಡಗಿ ನಿಂತೆ. ಎದುರಿಗೆ ನಿಂತು ಮೆಚ್ಚಿಸಿಕೊಳ್ಳುವುದು ನನ್ನ ಕೈಲಾಗದ ಕೆಲಸ.

ಬಾಗಿಲು ತೆರೆಯಿತು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಪೆರ್ಲಾ ಬಂದಳು. ನೋಡಿದಳು.

ನಾನು ಕಾಯುತ್ತಿದ್ದ ನಗು ಬರಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಯಿತು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಮಗುವನ್ನು ಒಳಗೆ ನೆಲಕ್ಕೆ ಬಿಟ್ಟು, ಹೊಸ್ತಿಲ ಮೇಲೆಯೇ ಕುಸಿದು ಕೂತಳು.

“ಯಾರು ಫೋನ್ ಮಾಡಿದ್ರು, ಅಜ್ಜಿ? ನಿಂಗೆ ಯಾರು ಹೇಳಿದ್ರು? ರಮಿಲ್‌ಗೆ ಏನಾಯ್ತು?”

(ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನನಗೆ ಸಿಕ್ಕಷ್ಟನ್ನು ನಾನು ಹಿಡಿದುಕೊಂಡೆ. ಸಿಗದೇ ಹೋದದ್ದನ್ನು ಆಮೇಲೆ ಸುಮಾ ಕನ್ನಡ ಮಾಡಿ ಹೇಳಿದಳು.)

“ನೋ ಫೋನ್,” ಎಂದೆ ನಾನು. ಮತ್ತೇನೂ ತೋಚದೆ, “ಹ್ಯಾಪಿ ಡೇ,” ಎಂದೆ. ಎಂಥ ಮಾತು ಆಡಿದೆ, ಎಂಥ ಹೊತ್ತಿನಲ್ಲಿ.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಜೋಯ್ ಓಡಿ ಬಂದಳು. ರಂಗೋಲಿ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಗದ್ದಲಕ್ಕೆ ಎದ್ದು ಬಂದ ಸುಮಾಳಿಗೆ ಅವಳು ಏನೋ ಹೇಳಿದಳು. ಸುಮಾ ನನ್ನ ಕಡೆ ತಿರುಗಿದಳು.

“ಅಮ್ಮಾ, ಇವ್ರ ಫ್ಲ್ಯಾಗಲ್ಲಿ ನೀಲಿ ಮೇಲಿರ್ಬೇಕಂತೆ. ಕೆಂಪು ಮೇಲೆ ಬಂದ್ರೆ ದೇಶಕ್ಕೆ ಯುದ್ಧ ಬಂದಿದೆ ಅಂತ ಅರ್ಥವಂತೆ. ಬೇಕಂತಲೇ ಹಾಗೆ ಮಾಡಿರೋ ಫ್ಲ್ಯಾಗ್ ಅಂತೆ. ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ?”

“ನೀನು ಮಲಗಿದ್ದೆ ಕಣೆ.”

“ಎಬ್ಬಿಸ್ಬೇಕಿತ್ತು.”

“ಸಂಡೇ ಎಬ್ಬಿಸಿದ್ರೆ ಯುದ್ಧಕ್ಕೆ ಬರೋಳು ನೀನು.”

ಯಾರೂ ನಗಲಿಲ್ಲ. ನಾನೂ ನಗಿಸಲಿಕ್ಕೆ ಹೇಳಿದ್ದಲ್ಲ.

ಬಾವುಟ ಅಂದರೆ ಏನೆಂದು ನನಗೆ ಗೊತ್ತಿಲ್ಲವೆ? ಮಂಡ್ಯ ಸೀಮೆಯಲ್ಲಿ ಬಾವುಟ ಹಾರಿಸಬಾರದು ಎಂದು ಆಜ್ಞೆಯಿದ್ದ ಕಾಲದಲ್ಲಿ ಹಾರಿಸಿ ಜೈಲಿಗೆ ಹೋದವರ ಕಥೆ ಹೇಳುವಾಗ ನಮ್ಮಪ್ಪ ಎದ್ದು ನಿಲ್ಲುತ್ತಿದ್ದರು. ಅಂಥವರ ಮಗಳು, ಮಗನ ಫೋನಿಗೆ ಕಾದು ಕೂತ ತಾಯಿಯ ಬಾಗಿಲಲ್ಲಿ ಯುದ್ಧದ ಬಾವುಟ ಬಿಡಿಸಿಟ್ಟಿದ್ದೆ. ಅದೂ ಕುಂಕುಮದಲ್ಲಿ.

ಓಡಿ ಹೋಗಿ ಬಕೆಟ್ಟಿನಲ್ಲಿ ನೀರು ತಂದೆ. ಸುರಿಯಬೇಕು, ಅಷ್ಟರಲ್ಲಿ ಹೊಸ್ತಿಲಿಂದಲೇ ಬಗ್ಗಿ ಪೆರ್ಲಾ ನನ್ನ ಮುಂಗೈ ಹಿಡಿದಳು.

“ನೋ, ಅಜ್ಜಿ. ಬಾವುಟಕ್ಕೆ ನೀರು ಹುಯ್ದು ಗುಡಿಸ್ತಾರಾ?”

ಇನ್ನೊಂದು ಏಟು. ಅವರಲ್ಲೂ ಬಾವುಟವನ್ನು ನೆಲಕ್ಕೆ ತಾಗಿಸುವುದೇ ಇಲ್ಲವಂತೆ. ಆದರೆ ರಂಗೋಲಿ ಬಿಡುವ ನಮ್ಮಂಥವರಿಗೆ, ಯಾರಿಗಾದರೂ ಗೌರವ ಕೊಡಬೇಕೆಂದರೆ ಮೊದಲು ನೆನಪಾಗುವುದು ನೆಲ. ಈಗ ಅದನ್ನು ಅಳಿಸುವ ಹಾಗಿಲ್ಲ, ತುಳಿಯುವ ಹಾಗಿಲ್ಲ, ದಾಟುವ ಹಾಗಿಲ್ಲ. ಹನ್ನೊಂದು ಗಂಟೆಗೆ ನೆಂಟರು ಬರುತ್ತಾರೆ. ಗೋಡೆಯಿಂದ ಗೋಡೆಗೆ ನನ್ನ ತಪ್ಪು ಮಲಗಿದೆ.

ಪೃಥ್ವಿ ಕಣ್ಣುಜ್ಜಿಕೊಂಡು ಬಂದು ನೋಡಿದ. “ಲೋಲಾ, ಫ್ರಮ್ ಅವರ್ ಸೈಡ್ ಇಟ್ಸ್ ಪೀಸ್,” ಎಂದ. (ಅವರ ಭಾಷೆಯಲ್ಲಿ ಲೋಲಾ ಅಂದರೆ ಅಜ್ಜಿ. ನಮ್ಮ ಬಾಗಿಲಿನಿಂದ ನೋಡಿದರೆ ನೀಲಿಯೇ ಮೇಲಿತ್ತು.)

“ಬಾಗಿಲು ನಂದು, ಮಗು. ನಾನು ನೋಡೋದು ಈ ಕಡೆಯಿಂದ,” ಎಂದಳು ಪೆರ್ಲಾ. ಮೇಘಾ ಅಳಲು ಶುರು ಮಾಡಿದಳು.

ಈಚೆ ಕಡೆ ನೆಲಕ್ಕೆ ಕೂತೆ. ಪೆರ್ಲಾ ಆಚೆ ಕಡೆ ಹೊಸ್ತಿಲ ಮೇಲೆ. ನಡುವೆ ಆ ಬಾವುಟ. “ಸಾರಿ,” ಎಂದೆ. ಎಷ್ಟು ಸಲ ಎಂದೆನೋ. ಅವಳು ಕೆಂಪನ್ನೇ ನೋಡಿದಳು. ಆಮೇಲೆ ಹೇಳತೊಡಗಿದಳು. ಎರಡು ವರ್ಷ ಬೆಂಚಿನ ಮೇಲೆ ಆಡದ ಮಾತನ್ನೆಲ್ಲ ಆ ಒಂದು ಗಂಟೆಯಲ್ಲಿ ಆಡಿದಳು.

ಮುನ್ನೂರು ವರ್ಷಕ್ಕೂ ಮೇಲೆ ಸ್ಪೇನಿನವರು ಅವರನ್ನು ಆಳಿದರಂತೆ. ಬ್ರಿಟಿಷರು ಇನ್ನೂರು ವರ್ಷ ಇದ್ದರೆಂದು ನಾವು ಹೇಳಿಕೊಳ್ಳುತ್ತೇವಲ್ಲ, ಅದಕ್ಕಿಂತ ಹೆಚ್ಚು. ಹೆಸರನ್ನೂ ಬಿಡಲಿಲ್ಲವಂತೆ. ದೊಡ್ಡ ಅಧಿಕಾರಿ ಒಂದು ಪುಸ್ತಕ ಮಾಡಿಸಿದ. ತುಂಬ ಮನೆತನದ ಹೆಸರುಗಳು. ಅದರ ಹಾಳೆಗಳನ್ನು ಊರೂರಿಗೆ ಹಂಚಿದ. ಒಬ್ಬೊಬ್ಬ ಯಜಮಾನನೂ ಹೋಗಿ ಒಂದು ಹೆಸರು ತೆಗೆದುಕೊಂಡು ಬರಬೇಕು. ಪೆರ್ಲಾಳ ಊರಿನಲ್ಲಿ ಇವತ್ತಿಗೂ ಹೆಚ್ಚಿನ ಮನೆಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗುತ್ತದಂತೆ. ಆ ಊರಿಗೆ ಬಂದದ್ದು ಆ ಅಕ್ಷರದ ಹಾಳೆ!

“ನಮ್ಮ ಹಿರೀಕ ಬೆಳಿಗ್ಗೆ ಒಂದು ಹೆಸರಲ್ಲಿ ಮನೆಯಿಂದ ಹೊರಟ, ಸಂಜೆ ಇನ್ನೊಂದು ಹೆಸರಲ್ಲಿ ಬಂದ,” ಎಂದಳು.

ನಂಬಲಿಕ್ಕೆ ಆಗಲಿಲ್ಲ. ಗದ್ದೆ ಕಿತ್ತುಕೊಂಡರು, ಕಂದಾಯ ಹೇರಿದರು ಎಂದರೆ ಅರ್ಥವಾಗುತ್ತದೆ. ಹೆಸರನ್ನು ರೇಷನ್ನಿನ ಹಾಗೆ ಹಂಚುತ್ತಾರೆಯೇ?

ಅಷ್ಟರಲ್ಲಿ ಗೇಟಿನ ಕಾವಲುಗಾರ ಒಟಿಯೆನೊ ನೆಂಟರಿಗೆಂದು ಕುರ್ಚಿಗಳನ್ನು ಹೊತ್ತು ಬಂದ. ದಾಟಲು ದಾರಿಯಿಲ್ಲದೆ ಮೆಟ್ಟಿಲ ಮೇಲೇ ನಿಂತ. ಪೆರ್ಲಾ ಆಗ ಒಂದು ಚೀಟಿಯ ಕಥೆ ಹೇಳುತ್ತಿದ್ದಳು. ತೆರಿಗೆ ಕಟ್ಟಿದ್ದಕ್ಕೆ ಸರ್ಕಾರ ಕೊಡುವ ಚೀಟಿ. ಎಲ್ಲಿ ಹೋದರೂ ಜತೆಯಲ್ಲಿರಬೇಕು, ಕೇಳಿದಾಗ ತೋರಿಸಬೇಕು. ದಂಗೆ ಶುರುವಾದ ದಿನ ಜನ ಗುಂಪಾಗಿ ನಿಂತು ಆ ಚೀಟಿಗಳನ್ನೇ ಹರಿದು ಎಸೆದರಂತೆ.

“ಕಿಪಾಂಡೆ,” ಎಂದ ಒಟಿಯೆನೊ ತಟ್ಟನೆ. “ನಮ್ಮ ತಾತನೂ ಅದನ್ನ ಕುತ್ತಿಗೆಗೆ ಕಟ್ಟಿಕೊಂಡು ಓಡಾಡಬೇಕಿತ್ತು, ಮಾಮಾ. ಬ್ರಿಟಿಷರ ಕಾಲದಲ್ಲಿ. ತಗಡಿನ ಡಬ್ಬಿಯಲ್ಲಿಟ್ಟು.” ಕುತ್ತಿಗೆ ಮುಟ್ಟಿ ತೋರಿಸಿದ. ಕುರ್ಚಿ ಇಳಿಸಿ ಅದರ ಮೇಲೇ ಕೂತುಬಿಟ್ಟ.

ಪೆರ್ಲಾಳ ಮುತ್ತಜ್ಜಿ ಆ ದಂಗೆಯವರ ಗುಟ್ಟಿನ ಸಂಘಕ್ಕೆ ಸೇರಿದವಳು. ಗಂಡಸರು ತೋಳು ಕುಯ್ದುಕೊಂಡು ರಕ್ತದಲ್ಲಿ ಸಹಿ ಹಾಕುತ್ತಿದ್ದರಂತೆ. ಹೆಂಗಸರ ಕೆಲಸ ಬೇರೆ. ಹಿಂದಿನ ಕೋಣೆಯಲ್ಲಿ ಸಭೆ ನಡೆಯುವಾಗ ಮುಂದಿನ ಕೋಣೆಯಲ್ಲಿ ಇವರು ಕುಣಿಯಬೇಕು. ಬೀದಿಯಲ್ಲಿ ಹೋಗುವ ಪೊಲೀಸಿನವನು ಯಾವುದೋ ಪಾರ್ಟಿ ಅಂದುಕೊಳ್ಳಬೇಕು.

“ಅವಳಿಗೆ ಕುಣಿಯೋಕೆ ಬರ್ತಿತ್ತಾ?” ಎಂದು ಕೇಳಿದೆ.

“ಬರ್ತಿರ್ಲಿಲ್ಲ. ನಿನ್ನ ಥರ, ನಾಚಿಕೆ ಹೆಂಗಸು. ಭಯಕ್ಕೆ ಕುಣಿದಳು.”

ಗುಟ್ಟು ಹೊರಬಿದ್ದದ್ದು ಹೇಗೆ ಗೊತ್ತೆ? ಸಂಘದ ಒಬ್ಬ ತನ್ನ ತಂಗಿಗೆ ಹೇಳಿದ. ಆಕೆ ಹೆದರಿ ಅತ್ತಳು. ಅಳುವುದನ್ನು ಕಂಡು ಕಾನ್ವೆಂಟಿನ ಸಿಸ್ಟರ್ ಕೇಳಿದಳು. ಸಿಸ್ಟರ್ ಆ ಅಣ್ಣನನ್ನು ಪಾಪ ಒಪ್ಪಿಕೊಳ್ಳಲು ಪಾದ್ರಿಯ ಹತ್ತಿರ ಕಳಿಸಿದಳು. ಪಾದ್ರಿ ಪೊಲೀಸರನ್ನು ಕರೆದ. ಅಷ್ಟೇ. ಇಡೀ ಊರು ಜೈಲು ಸೇರಿತು. ದೇವರ ಮುಂದೆ ಹಗುರಾಗಲು ಆಡಿದ ಮಾತು ಎಷ್ಟು ಜನರ ಕುತ್ತಿಗೆಗೆ ಬಂತು! ಹೇಳುವಾಗ ಪೆರ್ಲಾ ಮತ್ತೆ ಶಿಲುಬೆಯ ಗುರುತು ಮಾಡಿಕೊಂಡಳು. ಅದೇ ದೇವರು, ಅದೇ ಪಾದ್ರಿಗಳು. ಬೈಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಎಂಬತ್ತು ದಾಟಿದ ಒಬ್ಬ ವಿಧವೆಯ ಕಥೆ ಹೇಳಿದಳು. ಸಣ್ಣ ಅಂಗಡಿ ಇಟ್ಟುಕೊಂಡಿದ್ದವಳು. ಗಾಯಗೊಂಡು ಬಂದವರಿಗೆ ಗಂಜಿ ಕೊಟ್ಟು, ಗಾಯ ಕಟ್ಟಿ ಕಳಿಸಿದಳಂತೆ. ಹಿಡಿದರು. ಯಾರು ಬಂದಿದ್ದರು ಹೇಳು ಎಂದರು. ಹೇಳಲಿಲ್ಲ. ಆ ಮುದುಕಿಯನ್ನು ಹಡಗಿಗೆ ಹತ್ತಿಸಿ ದೂರದ ದ್ವೀಪಕ್ಕೆ ಗಡಿಪಾರು ಮಾಡಿದರು. ನನಗೆ ಅರವತ್ತಾರು. ಒಬ್ಬಳೇ ಮಟಾಟು ವ್ಯಾನು ಹತ್ತಿ ನ್ಗಾರಾಕ್ಕೆ ಹೋಗಲು ಹೆದರುತ್ತೇನೆ.

ಆ ಬಾವುಟವನ್ನು ಮೊದಲು ಹೊಲಿದದ್ದು ಹೊರದೇಶದಲ್ಲಿದ್ದ ಇಬ್ಬರು ಹೆಂಗಸರು, ಜತೆಗೆ ಒಬ್ಬ ಪುಟ್ಟ ಹುಡುಗಿ. (ಮೇಘಾ ಅಳು ನಿಲ್ಲಿಸಿದ್ದು ಇಲ್ಲೇ.) ಜೂನಿನಲ್ಲಿ ಆ ಬಾವುಟ ಬಿಚ್ಚಿ ಸ್ವಾತಂತ್ರ್ಯ ಬಂತು ಎಂದು ಸಾರಿದರು. ಅದೇ ಈ ಭಾನುವಾರದ ದಿನ.

“ಅಲ್ಲಿಗೆ ಮುಗೀತಲ್ಲ?” ಎಂದೆ ನಾನು.

ಮುಗಿಯಲಿಲ್ಲ. ಆರು ತಿಂಗಳಿಗೆ ಸ್ಪೇನಿನವರು ಎಲ್ಲೋ ಕೂತು ಆ ದೇಶವನ್ನು ಅಮೆರಿಕಕ್ಕೆ ಮಾರಿದರು. ಮಾರಿದರು! ಸೋತವರು ಮಾರಿದರು, ಹಣ ಕೊಟ್ಟು ಇನ್ನೊಬ್ಬರು ಕೊಂಡರು. ಗೆದ್ದವರನ್ನು ಯಾರೂ ಕೇಳಲಿಲ್ಲ. ಸುಮಾ ಇದನ್ನು ಕನ್ನಡದಲ್ಲಿ ಹೇಳಿದಾಗ, ಇವಳು ಏನೋ ತಪ್ಪಾಗಿ ಅರ್ಥಮಾಡಿಕೊಂಡಿದ್ದಾಳೆ ಎಂದು ಎರಡು ಸಲ ಹೇಳಿಸಿದೆ. ಎರಡು ಸಲವೂ ಅದೇ ಮಾತು. ಜನ ಸಮೇತ ಒಂದು ದೇಶಕ್ಕೆ ಕ್ರಯಪತ್ರ ಬರೆಯಬಹುದೆಂದು ನಮ್ಮ ಇತಿಹಾಸದ ಮೇಷ್ಟ್ರು ನನಗೆ ಹೇಳಲೇ ಇಲ್ಲವಲ್ಲ.

“ಆಗ ಬಾವುಟ ತಿರುಗಿತು,” ಎಂದಳು ಪೆರ್ಲಾ. “ಕೆಂಪು ಮೇಲೆ. ನನ್ನ ಮುತ್ತಜ್ಜಿ ಕಿಟಕಿಯಲ್ಲಿ ಹಾಕಿದಳು. ಅವಳ ತಮ್ಮ ಹೋದ. ಬರ್ಲಿಲ್ಲ. ಆಮೇಲೆ ಜಪಾನಿನವರು ಬಂದಾಗ ನನ್ನ ಅಜ್ಜಿ ಅದೇ ಕಿಟಕಿಯಲ್ಲಿ ತಿರುಗಿಸಿ ಹಾಕಿದಳು. ಅವಳ ಮಗ, ನನ್ನ ಮಾವ, ಹೋದ. ಬರ್ಲಿಲ್ಲ.”

ಮೂರನೆಯ ಸಲ ತಿರುಗಿಸಿದವಳು ನಾನು.

ಒಳಗೆ ಫೋನ್ ಹೊಡೆದುಕೊಂಡಿತು.

ಜೋಯ್ ಓಡಿದಳು. ಪೆರ್ಲಾ ಏಳಲಿಲ್ಲ. ಅವಳ ಎರಡೂ ಕೈ ಹೊಸ್ತಿಲನ್ನು ಹಿಡಿದಿದ್ದವು. ನಾನು ನಮ್ಮೂರ ದೇವರಿಗೆಲ್ಲ ಹರಕೆ ಹೊತ್ತೆ. ಜೋಯ್ ಹೊರಗೆ ಬಂದು ಅವನಲ್ಲ ಎಂದು ತಲೆಯಾಡಿಸಿದಳು. ಊಟಕ್ಕೆ ಬರುವವರು ಯಾರೋ, ಶಾವಿಗೆ ತರಬೇಕೇ ಎಂದು ಕೇಳಿದ್ದರಂತೆ.

ಇನ್ನು ಕೂತಿರಲು ನನ್ನಿಂದ ಆಗಲಿಲ್ಲ. ಎರಡು ತಟ್ಟೆ ತಂದೆ. ಒಂದನ್ನು ಪೆರ್ಲಾಳ ಕಡೆ ಚಾಚಿದೆ. ಗುಡಿಸುವ ಹಾಗಿಲ್ಲ, ತೊಳೆಯುವ ಹಾಗಿಲ್ಲ. ಬೆರಳಲ್ಲಿ ಎತ್ತಬಹುದಲ್ಲ? ನನ್ನ ಕಡೆಯ ಕುಂಕುಮವನ್ನು ಚಿಟಿಕೆ ಚಿಟಿಕೆಯಾಗಿ ಎತ್ತಿ ತಟ್ಟೆಗೆ ಹಾಕತೊಡಗಿದೆ. ಪೆರ್ಲಾಗೆ ಅರ್ಥವಾಯಿತು. ತನ್ನ ಕಡೆಯ ನೀಲಿಯನ್ನು ಅವಳೂ ಹಾಗೆಯೇ ಎತ್ತಿದಳು. ಬಾವುಟ ಬಿಡಿಸಲು ಅರ್ಧ ಗಂಟೆ ಹಿಡಿದಿತ್ತು. ಎತ್ತಲು ಒಂದೂವರೆ ಗಂಟೆ ಹಿಡಿಯಿತು. ಮೇಘಾ ಸೂರ್ಯನ ಅರಿಶಿನವನ್ನು ಪೋಸ್ಟ್‌ಕಾರ್ಡಿನ ಅಂಚಿನಲ್ಲಿ ಕೂಡಿಸಿದಳು. ಸುಮಾ ಕಾಫಿ ತಂದಳು, ಯಾರೂ ಕುಡಿಯಲಿಲ್ಲ.

ತಟ್ಟೆಗಳನ್ನು ಬದಲಾಯಿಸಿಕೊಂಡೆವು. ಅವಳ ಕಡೆ ಅವಳೇ ಕೆಂಪು ಹಾಕಿದಳು. ನನ್ನ ಕಡೆ ನಾನು ನೀಲಿ ಹಾಕಿದೆ. ಅವಳಿಗೆ ರಂಗೋಲಿ ಎಳೆದು ಅಭ್ಯಾಸವಿಲ್ಲ. ಹಿಟ್ಟು ಉದುರಿಸುವವರ ಹಾಗೆ ಉದುರಿಸಿದಳು. ಪುಡಿ ಅಷ್ಟಿಷ್ಟು ನೆಲಕ್ಕೆ ಹೋಗಿತ್ತು, ಹೊಸ ಬಾವುಟ ಸಣ್ಣದಾಯಿತು. ಗೋಡೆಯ ಪಕ್ಕ ಒಂದಡಿ ದಾರಿ ಬಿಟ್ಟುಕೊಂಡಿತು. ಹನ್ನೊಂದಕ್ಕೆ ಬಂದ ನೆಂಟರೆಲ್ಲ ಪಾತ್ರೆ ಹಿಡಿದುಕೊಂಡು ಏಡಿಗಳ ಹಾಗೆ ಅಡ್ಡಡ್ಡ ನಡೆದು ಒಳಗೆ ಹೋದರು. ಒಟಿಯೆನೊ ಕುರ್ಚಿಗಳನ್ನು ತಲೆಯ ಮೇಲೆತ್ತಿ ದಾಟಿಸಿದ. ಆದರೆ ಕುಂಕುಮದ ಬಣ್ಣ ಸಿಮೆಂಟಿಗೆ ಹಿಡಿದಿತ್ತು. ಎಷ್ಟು ನೀಲಿ ಹಾಕಿದರೂ ಅಡಿಯಿಂದ ಕೆಂಪು ಇಣುಕುತ್ತಿತ್ತು. ಪೆರ್ಲಾ ಅದನ್ನು ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು.

ಸೋಮವಾರ ಬೆಂಚಿಗೆ ನಾನು ಹೋಗಲಿಲ್ಲ. ಮುಖ ತೋರಿಸುವುದು ಹೇಗೆ?

ಮಂಗಳವಾರ ಸಂಜೆ ನಮ್ಮ ಮನೆಯ ಬೆಲ್ ಆಯಿತು. ಪೆರ್ಲಾ ನಿಂತಿದ್ದಳು. ಬರಿಗೈ, ಬರಿಗಾಲು.

“ಫೋನ್ ಬಂತು, ಅಜ್ಜಿ.”

ರಮಿಲ್ ಚೆನ್ನಾಗಿದ್ದಾನೆ. ಹದಿನೇಳು ದಿನ ಬೆಟ್ಟದ ಕಾಡಿನಲ್ಲಿ ಅಲೆದಾಟ, ಸಿಗ್ನಲ್ ಇರಲಿಲ್ಲ. ಕಾಲಿಗೆ ಹುಣ್ಣಾಗಿದೆ, ಅಷ್ಟೇ. ನಾಳೆ ಮತ್ತೆ ಕಾಡಿಗೆ ಹೋಗುತ್ತಾನೆ.

“ರಂಗೋಲಿ ವಿಷಯ ಹೇಳಿದ್ಯಾ?”

“ಹೇಳ್ದೆ. ನಕ್ಕ.”

ಅವನು ನಕ್ಕದ್ದೇ ನನಗೆ ಸಾಕಾಗಿತ್ತು. ಆದರೆ ಪೆರ್ಲಾಳ ಮುಖದಲ್ಲಿ ನಗು ಇರಲಿಲ್ಲ.

“ಏನಂದ?”

“ಅಜ್ಜಿ ತಪ್ಪು ಬಿಡಿಸಿಲ್ಲ ಮಾಮಾ, ಅಂದ. ಕ್ಯಾಂಪಿನ ಕಂಬದ ಮೇಲೆ ನೀಲಿಯೇ ಮೇಲಿದೆ, ಆದ್ರೆ ಇಲ್ಲಿ ನಡೀತಿರೋದಕ್ಕೆ ಅಜ್ಜಿ ಬಿಡಿಸಿದ್ದೇ ಸರಿ, ಅಂದ.”

ಕಾಡಿನಲ್ಲಿ ಎದುರಿಗಿರುವವರು ಯಾವ ದೇಶದವರು ಎಂದು ಕೇಳಿದೆ. ಪೆರ್ಲಾ ಎದುರು ಬಾಗಿಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಸ್ಪೇನಿನವರು ಹಡಗು ಹತ್ತಿ ಹೋಗಿ ನೂರು ವರ್ಷ ದಾಟಿತು. ಅಮೆರಿಕದವರೂ ಹೋದರು, ಜಪಾನಿನವರೂ ಹೋದರು. ಹಾಗಾದರೆ ಆ ಕಾಡಿನಲ್ಲಿ ರಮಿಲ್ ಬಂದೂಕು ಹಿಡಿದು ಹುಡುಕುತ್ತಿರುವುದು ಯಾರನ್ನು, ಮಕ್ಕಳೇ?